ಬರ್ತೀವಿ ಅಂದವರು

ನಡುಗೆರೆ
ಫಾಲ್ಗುಣದ ಮೂವತ್ತಮೂರನೆಯ ದಿನ, 2231

ಫೋನಿನಲ್ಲಿ ರಾಜ್ಯ ಕಟ್ಟಿ ಆಡುತ್ತಿರುವ ನಿಮಗೆ,

ನಮ್ಮ ತಿಂಗಳಿಗೆ ಮೂವತ್ತಾರು ದಿನ, ತಾರೀಖು ನೋಡಿ ಗಾಬರಿಯಾಗಬೇಡಿ. ಕೆಲವು ಮಾತುಗಳೂ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ.

ನೀವು ಹೊತ್ತು ಕಳೆಯಲು ಆಡುವ ಆಟಕ್ಕೆ ನಾವು ಕಣ ಎನ್ನುತ್ತೇವೆ. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಕಣದಲ್ಲಿ ಗೆದ್ದವರಿಗೆ ಹೊಳೆಯ ನೀರು. ರಕ್ತ ಹರಿಯುವುದಿಲ್ಲವಲ್ಲ ಎಂದು ಹಿಂದೆ ಯಾರೋ ಒಪ್ಪಿಕೊಂಡರಂತೆ. ಕಣದ ವರ್ಷ ಮಕ್ಕಳು ಮಗ್ಗಿಯ ಬದಲು ಗಡಿನಕ್ಷೆ ಬಾಯಿಪಾಠ ಮಾಡುತ್ತಾರೆ. ಹೆಂಗಸರು ರೊಟ್ಟಿ ತಟ್ಟುತ್ತಾ ಯಾವ ಊರು ಯಾರ ಕಡೆ ವಾಲೀತೆಂದು ವಾದಿಸುತ್ತಾರೆ. ಕೊಡಗಳನ್ನು ಮಾತ್ರ ಯಾರೂ ತೊಳೆದು ಬೋರಲು ಹಾಕುವುದಿಲ್ಲ. ಅದು ನೀರು ಮುಗಿಯಿತೆಂಬ ಅಪಶಕುನ.

ಎರಡು ಊರು ಕೈಜೋಡಿಸುವ ಕ್ಷಣಕ್ಕೆ ಕೂಡು-ಗಳಿಗೆ ಎಂದು ಹೆಸರು. ಬೇಗ ಕೂಡಿದರೆ ಬಲಿಷ್ಠ ಊರು ಇಬ್ಬರನ್ನೂ ಗುರುತಿಟ್ಟು ಹೊಡೆಯುತ್ತದೆ. ತಡವಾದರೆ ಕೂಡಲು ಯಾರೂ ಉಳಿದಿರುವುದಿಲ್ಲ. ಇಷ್ಟು ನಿಮಗೂ ಗೊತ್ತು. ನಮ್ಮಲ್ಲಿ ಇಬ್ಬರೂ ಒಂದೇ ಗಳಿಗೆಯಲ್ಲಿ ಗಡಿ ತೆರೆಯಬೇಕು. ಒಬ್ಬರೇ ತೆರೆದರೆ ಅದು ಇಡೀ ದಿನ ಮುಚ್ಚುವುದಿಲ್ಲ. ಅದಕ್ಕೇ ಪ್ರತಿ ಊರಿಗೂ ಒಬ್ಬರು ನುಡಿಗಾರರು, ಎದುರಿನವರ ಮಾತು ಕೇಳಿ ನಂಬಬಹುದೇ ಎಂದು ಹೇಳುವವರು. ಸಾಹಿತ್ಯ ಓದಿದವಳು, ಬಾಯಿಗಿಂತ ಕಿವಿ ಚುರುಕು ಎಂದು ನನ್ನನ್ನು ಅಲ್ಲಿ ಕೂರಿಸಿದರು.

ಈ ಸಲದ ಕಣದ ಆರನೆಯ ದಿನ ಮಧ್ಯಾಹ್ನ, ಎಲ್ಲರಿಗಿಂತ ಬಲಿಷ್ಠ ಊರಾದ ಮೇಲ್ಗಟ್ಟದ ಪಡೆ ನಕ್ಷೆಯಲ್ಲಿ ನಮ್ಮ ಗಡಿಯ ಹತ್ತಿರ ಬಂದಿತ್ತು. ನಮ್ಮ ನಾಯಕಿ ನೀಲಗಂಗಕ್ಕ, ಪಕ್ಕದ ಹಾಲ್ಗೆರೆಯ ನಾಯಕ ದುಗ್ಗಪ್ಪನವರಿಗೆ ಕರೆ ಮಾಡಿದರು.

“ಏನಕ್ಕಾ, ಊಟ ಆಯ್ತಾ?”

“ಶತ್ರು ಹೊಸ್ತಿಲಲ್ಲಿ ನಿಂತಿರುವಾಗ ಊಟದ ಮಾತಾ ದುಗ್ಗಣ್ಣ? ಮೂರು ಗಂಟೆಗೆ ಗಡಿ ತೆಗೀತೀರೋ ಇಲ್ವೋ?”

“ಸರಿ ಅಕ್ಕಾ, ಬರ್ತೀವಿ.”

ನೀಲಗಂಗಕ್ಕ ನನ್ನತ್ತ ತಿರುಗಿದರು. “ಏನೇ ಮೂಗಿ, ಹೇಗನ್ನಿಸ್ತು?”

“ಬರ್ತೀವಿ ಅಂದ್ರು,” ಅಂದೆ.

“ಅದು ನಂಗೂ ಕೇಳಿಸ್ತು ಮಾರಾಯ್ತಿ.”

ಕೋಣೆಯಲ್ಲಿದ್ದ ಹನ್ನೊಂದು ಜನ ನಕ್ಕರು. ನಾನು ತಲೆ ತಗ್ಗಿಸಿದೆ.

ನಾವು ಯಾರ ಮನೆಯಿಂದ ಎದ್ದರೂ ಹೋಗ್ತೀವಿ ಅನ್ನುವುದಿಲ್ಲ, ಬರ್ತೀವಿ ಅನ್ನುತ್ತೇವೆ. ದುಗ್ಗಪ್ಪನವರ ದನಿ ಕೊನೆಯಲ್ಲಿ ಇಳಿದಿತ್ತು, ಹೆಗಲಿಗೆ ಟವೆಲ್ ಹಾಕಿಕೊಂಡು ಚಾಪೆಯಿಂದ ಏಳುವವರ ದನಿಯಂತೆ. ಅವರು ಸುಳ್ಳು ಹೇಳಿರಲಿಲ್ಲ, ಬೀಳ್ಕೊಂಡಿದ್ದರು. ನನಗದು ಗೊತ್ತಾಗಿತ್ತು. ಹೇಳಬೇಕಿದ್ದರೆ ಆ ನಗುವಿನ ಮೇಲೆ ದನಿ ಏರಿಸಬೇಕಿತ್ತು. ಮೂರು ಗಂಟೆಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ನಾನು ಸುಮ್ಮನಿದ್ದೆ.

ಮೂರಕ್ಕೆ ನಾವೊಬ್ಬರೇ ಗಡಿ ತೆರೆದೆವು. ನಾಲ್ಕರೊಳಗೆ ಮೇಲ್ಗಟ್ಟ ಒಳಗಿತ್ತು, ಹಾಲ್ಗೆರೆ ಅವರ ಬೆನ್ನಿಗಿತ್ತು.

ನಾಳೆ ಬೆಳಿಗ್ಗೆ ನಮ್ಮ ತೂಬು ಮುಚ್ಚುತ್ತಾರೆ. ನಾಲ್ಕು ಸಾವಿರ ಜನ ಗಂಟು ಕಟ್ಟುತ್ತಿದ್ದಾರೆ. ನೀಲಗಂಗಕ್ಕ ನನ್ನನ್ನು ಒಂದು ಮಾತೂ ಬೈದಿಲ್ಲ. ಕಿಟಕಿಯಾಚೆ ಅವರು ಕೊಡ ತೊಳೆದು ಬೋರಲು ಹಾಕುತ್ತಿರುವ ಸದ್ದು ಕೇಳುತ್ತಿದೆ. ಈಗ ಬೀದಿಯಲ್ಲೆಲ್ಲಾ ಅದೇ ಸದ್ದು.

ಬರ್ತೀವಿ ಅಂದವರನ್ನು, ಕೂಡೋಕೆ ಬರ್ತೀರೋ, ಹೊರಟ್ರೋ ಎಂದು ಇನ್ನೊಮ್ಮೆ ಕೇಳಿ. ಕೋಣೆ ನಕ್ಕರೂ ಕೇಳಿ. ನೀರನ್ನೂ ಆಟಕ್ಕೇ ಬಿಡೋಣ, ರಕ್ತ ಹರಿಯುವುದಿಲ್ಲವಲ್ಲ ಎಂದು ನಿಮ್ಮ ನಡುವೆ ಯಾರಾದರೂ ಮೆಲ್ಲಗೆ ಹೇಳುವ ದಿನ ಬರುತ್ತದೆ. ಅಂದು ನಿಮ್ಮಲ್ಲಿ ನನ್ನಂಥವರು ತಲೆ ತಗ್ಗಿಸಿ ಕೂತಿರುತ್ತಾರೆ. ದಯವಿಟ್ಟು ಅವರನ್ನು ಮಾತಾಡಿಸಿ.

ಹೊರಡುವಾಗ ಆಡಬಾರದ ಮಾತೊಂದಿದೆ. ನೀವು ತಪ್ಪು ತಿಳಿಯದಿರಲೆಂದು ಅದನ್ನೇ ಬರೆಯುತ್ತಿದ್ದೇನೆ.

ಹೋಗುತ್ತೇನೆ.

ಪದ್ಮಲೆ