ಸದ್ದಿಲ್ಲದ ಗಾಡಿ

ಕೇನ್ ಬ್ರಾಂಚ್, ಅಲಬಾಮಾ
ಥ್ಯಾಂಕ್ಸ್‌ಗಿವಿಂಗ್ ವಾರದ ಸೋಮವಾರ

ಮೊಂಡು ಅಕ್ಕ ಒಲೀನಳಿಗೆ ತಂಗಿ ವೈನೆಲ್‌ಳಿಂದ ಪ್ರೀತಿ, ಜೊತೆಗೆ ಒಂದಿಷ್ಟು ಸಿಟ್ಟು.

ಸೇತುವೆ ದಾಟಿದರೆ ಸಿಗುವ ಮನೆಗೆ ಅಂಚೆಯಲ್ಲಿ ಕಾಗದ ಹಾಕುತ್ತಿದ್ದಾಳೆ ಎಂದು ನಗಬೇಡ. ಫೋನ್ ಮಾಡಿದರೆ ಹೂಂ, ಹೂಂ, ಆಯ್ತು ಎಂದು ಇಟ್ಟುಬಿಡುತ್ತೀಯ. ಮನೆಗೆ ಬಂದರೆ ಟಿವಿ ಅರಚುತ್ತಿರುತ್ತದೆ. ಕಾಗದವಾದರೆ ಕೊನೆತನಕ ಓದಲೇಬೇಕು. ಅಕ್ಷರ ದಪ್ಪ ದಪ್ಪ ಬಂದಿದ್ದರೆ ಅದು ಪೆನ್ನಿನ ತಪ್ಪು.

ಶನಿವಾರ ಜಿಂಕೆ ಬೇಟೆ ಶುರುವಾಯಿತು, ನೀನು ಬರಲಿಲ್ಲ. ಅಪ್ಪ ನಮ್ಮ ಕೈಗೆ ಬಂದೂಕು ಕೊಟ್ಟಾಗಿನಿಂದ, ಶುರುವಿನ ದಿನ ಹೊಳೆ ಪಕ್ಕದಲ್ಲಿ ಬೇಟೆಗೆ ಹೊಂಚುಹಾಕಿ ಕೂರುವ ಹಲಗೆ ಗೂಡಿನಲ್ಲಿ ನಾನೊಬ್ಬಳೇ ಕೂತದ್ದು ಇದೇ ಮೊದಲು. ನಿನ್ನ ಮಗ ಹುಟ್ಟಿದ ವರ್ಷ ಕೂಡ ಅವನನ್ನು ನಿಮ್ಮ ಅತ್ತೆಯ ಮಡಿಲಿಗೆ ಹಾಕಿ ಓಡಿ ಬಂದಿದ್ದೆ. ಈಗ ನೋಡಿದರೆ ಒಂದು ಗಾಡಿಯ ಜಗಳಕ್ಕೆ ಬಂದೂಕನ್ನೇ ಮಾರಿಬಿಡುತ್ತೇನೆ ಎನ್ನುತ್ತೀಯ. ನನಗೆ ಅಳು ಬಂತು, ಒಲೀನ್. ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಬಿಚ್ಚಿ ಅಭ್ಯಾಸಬಲದಿಂದ ಅರ್ಧ ನಿನ್ನ ಕಡೆಗೆ ಸುರಿದೆ. ಆಮೇಲೆ ಅದನ್ನೂ ನಾನೇ ತಿಂದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಆದರೆ ಈ ಸಲ ನನ್ನ ಕಡೆಯಿಂದ ಕೇಳು.

ನಿನ್ನ ಸೊಂಟಕ್ಕೆ ಆಪರೇಷನ್ ಆದಮೇಲೆ ಆ ಕೆಂಪು ಜೇಡಿಯ ಏರು ಹತ್ತಿ ಗೂಡಿಗೆ ನಡೆಯುವುದು ಆಗದ ಮಾತು ಎಂದು ಡಾಕ್ಟರು ಹೇಳಿದರು. ಹಾಗಾದರೆ ಗಾಡಿಯಲ್ಲಿ ಹೋಗೋಣ ಎಂದು ಹೊರಟವರು ನಾವಿಬ್ಬರೇ. ಹಳೆ ಗಾಲ್ಫ್ ಗಾಡಿಗಳಿಗೆ ದೊಡ್ಡ ಟಯರು ಹಾಕಿ ಮಾರುವ ಹೋಯ್ಟ್ ನಮ್ಮನ್ನು ನೋಡಿ ಹಲ್ಲು ಕಿರಿದದ್ದು ನೆನಪಿದೆಯೇ? "ಅಕ್ಕಾವ್ರೇ, ಒಂದು ಪೆಟ್ರೋಲ್ದು, ಒಂದು ಬ್ಯಾಟ್ರಿದು. ಎರಡನ್ನೂ ತಗೊಂಡ್ಹೋಗಿ ಓಡಿಸಿ ನೋಡಿ. ಜಗಳ ಆಡೋದಿದ್ರೆ ಮಾತ್ರ ನಿಮ್ಮನೇಲೇ ಆಡ್ಕೊಂಡ್ ಬನ್ನಿ, ನನ್ನ ಅಂಗಡೀಲಿ ಬೇಡ" ಅಂದ. ಗಾಡಿಗೆ ನೇತುಹಾಕಿದ್ದ ಬೆಲೆ ಚೀಟಿಯನ್ನು ನಿನ್ನ ಕೈಲಿ ಓದಿಸಿದೆ. ನನಗೆ ಸೋಮಾರಿತನ.

ಮೊದಲು ಪೆಟ್ರೋಲ್ ಗಾಡಿ. ನೀನು ಸ್ಟೀರಿಂಗ್ ಹಿಡಿದು ಕೂತು ಹದಿನಾರರ ಹುಡುಗಿಯ ಹಾಗೆ ಮೇಲೆ ಕೆಳಗೆ ಕುಣಿಸಿದೆ. ಏರನ್ನು ಉಸಿರು ಬಿಡದೆ ಹತ್ತಿತು. ಆ ಸದ್ದಿಗೆ ನಾನು ಕಿರುಚಿದ್ದು ನನಗೇ ಕೇಳುತ್ತಿರಲಿಲ್ಲ, ನೀನು ಮಾತ್ರ ನನ್ನ ಮಾತಿಗೆಲ್ಲ ತಲೆಯಾಡಿಸಿ ಆಡಿಸಿ ನಗುತ್ತಿದ್ದೆ. ವಾಪಸು ಬರುವಾಗ ನಾನು ಓಡಿಸಿ ಗೇಟಿನ ಕಂಬಕ್ಕೆ ಗುದ್ದಿದೆ. ಬ್ರೇಕು ಸರಿಯಿಲ್ಲ ಎಂದೆ. "ಬ್ರೇಕು ಸರಿಯಾಗೈತೆ ಕಣೇ, ಕಂಬ ಅಪ್ಪನ ಕಾಲದಿಂದ್ಲೂ ಅಲ್ಲೇ ಐತೆ" ಅಂದೆ ನೀನು.

ಮಾರನೆಯ ದಿನ ಬ್ಯಾಟರಿ ಗಾಡಿ. ಗುಂಡಿ ಒತ್ತಿದರೆ ಹೊರಟಿತೋ ಇಲ್ಲವೋ ಗೊತ್ತಾಗದು. ವಾಸನೆಯಿಲ್ಲ, ಹೊಗೆಯಿಲ್ಲ, ಟಯರಿನ ಕೆಳಗೆ ಪೈನ್ ಎಲೆ ಸರಪರ ಎನ್ನುವುದಷ್ಟೇ. ನನಗೆ ಸ್ವರ್ಗ ಸಿಕ್ಕಂತಾಯಿತು. ಎಡಗಡೆ ಕಾಡು ಕೋಳಿ ಕೂಗುತ್ತಿದೆ ಎಂದು ಪಿಸುಗುಟ್ಟಿದೆ, ನೀನು ತಿರುಗಲಿಲ್ಲ. ಸೊಂಟ ನೋಯುತ್ತಿದೆಯೇ ಎಂದು ಕೇಳಿದೆ, ಉತ್ತರವಿಲ್ಲ. ಆಮೇಲೆ ಹೊಳೆಯ ತಿರುವಿನಲ್ಲಿ, ನಾನು ಎಂದೂ ಆಡದ ಮಾತೊಂದನ್ನು ಆಡಿದೆ. ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನಿನ್ನ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ, ನೀನಿಲ್ಲದೆ ನನಗೆ ಈ ಕಾಡೂ ಬೇಡ, ಜಿಂಕೆಯೂ ಬೇಡ ಎಂದೆ. ನೀನು ಎದುರಿಗೆ ನೋಡುತ್ತಾ ಕೂತಿದ್ದೆ, ಗಲ್ಲ ಕೂಡ ಅಲುಗಲಿಲ್ಲ. ಮನಸ್ಸು ಮುರಿಯಿತು.

ಗಾಡಿಯಿಂದ ಇಳಿದವಳೇ ನೀನು ಶುರುಮಾಡಿದೆ. "ಇದೇನ್ ಗಾಡೀನೇ, ಹೆಣ ಸಾಗಿಸೋ ಗಾಡಿ ಇದ್ದಂಗೈತೆ. ಪೆಟ್ರೋಲ್ದು ತಗೊಂಡ್ರೆ ಬರ್ತೀನಿ, ಇಲ್ದಿದ್ರೆ ನನ್ ಬೇಟೆ ಇಲ್ಲಿಗೆ ಮುಗೀತು." ನನಗೂ ರೇಗಿತು. ಬ್ಯಾಟರಿ ಚಳಿಗೆ ಸತ್ತುಹೋಗುತ್ತದೆ ಎಂದೆ ನೀನು, ಪೆಟ್ರೋಲ್ ನಾತಕ್ಕೆ ಜಿಂಕೆ ಪಕ್ಕದ ಜಿಲ್ಲೆಗೆ ಓಡುತ್ತದೆ ಎಂದೆ ನಾನು. ಹೋಯ್ಟ್ ಬೇಡ ಎಂದಿದ್ದ ಜಗಳವನ್ನು ಅವನ ಅಂಗಡಿಗೆ ಹೋಗಿಯೇ ಆಡಿದೆವು. ನಾನು ಹಟಕ್ಕೆ ಬ್ಯಾಟರಿ ಗಾಡಿಯನ್ನೇ ಇಟ್ಟುಕೊಂಡೆ, ನೀನು ಹಟಕ್ಕೆ ಮನೆಯಲ್ಲೇ ಉಳಿದೆ.

ಶನಿವಾರದ ಸುದ್ದಿ ಬೇಗ ಹೇಳಿಬಿಡುತ್ತೇನೆ. ಬೆಳಗಾಗುವಾಗ ದೊಡ್ಡ ಕೊಂಬಿನ ಗಂಡು ಜಿಂಕೆ ಓಕ್ ಮರದಡಿ ನಿಂತಿತ್ತು. ಗುಂಡು ಹಾರಿಸಿದೆ, ತಪ್ಪಿತು. ಆಮೇಲೆ ಬೇಟೆ ಮನೆಗೆ ಬಂದು ಕಾಫಿಗೆ ನೀರಿಟ್ಟು ಗೋಡೆ ನೋಡುತ್ತಾ ಕೂತೆ. ಅಪ್ಪ ಹಾಕಿದ ಪದ್ಧತಿಯಂತೆ ಗುರಿ ತಪ್ಪಿದವರ ಅಂಗಿಯ ಚುಂಗು ಕತ್ತರಿಸಿ, ಹೆಸರು ಬರೆದು ಮೊಳೆ ಹೊಡೆದ ಗೋಡೆ. ಅಪ್ಪನದು, ಚಿಕ್ಕಪ್ಪನದು, ನನ್ನವು ಸಾಲು ಸಾಲು. ನಿನ್ನದು ಒಂದೂ ಇಲ್ಲ. ಪ್ರತಿ ಸಲ ಕತ್ತರಿ ಹಿಡಿದು ನಗುತ್ತಾ ಬರುತ್ತಿದ್ದವಳೂ ನೀನೇ.

ಮನೆಯಲ್ಲಿ ಒಂದು ಸದ್ದಿಲ್ಲ. ಕೆಟಲ್ ಸಿಳ್ಳೆ ಹಾಕಿತು. ಆಗ ನೆನಪಾಯಿತು, ಹೋದ ತಿಂಗಳು ನಿನ್ನ ಅಡುಗೆಮನೆಯಲ್ಲಿ ಕೆಟಲ್ ಹೀಗೆಯೇ ಬಾಯಿ ಬಡಿದುಕೊಳ್ಳುತ್ತಿತ್ತು, ನೀನು ಅದರ ಪಕ್ಕದಲ್ಲೇ ನಿಂತು ಬಿಸ್ಕಿಟ್ ಹಿಟ್ಟು ನಾದುತ್ತಿದ್ದೆ. ಅದರ ಹಿಂದೆಯೇ ಉಳಿದದ್ದೂ ಬಂತು. ಚರ್ಚಿನಲ್ಲಿ ಒಂದು ಸಾಲು ತಡವಾಗಿ ಹಾಡುವುದು, ಫೋನಿನ ಹೂಂ ಹೂಂ, ಅರಚುವ ಟಿವಿ. ಪೆಟ್ರೋಲ್ ಗಾಡಿಯಲ್ಲಿ, ನನಗೇ ಕೇಳದ ನನ್ನ ಮಾತಿಗೆ ನೀನು ನಕ್ಕದ್ದು.

ಒಲೀನ್, ನಿನಗೆ ಕಿವಿ ಕೇಳುತ್ತಿಲ್ಲ. ಆ ಇಂಜಿನ್ನಿನ ಗಲಾಟೆಯಲ್ಲಿ ನಾವಿಬ್ಬರೂ ಕಿವುಡರೇ, ಅದಕ್ಕೇ ನಿನಗೆ ಅದು ಬೇಕಾಗಿತ್ತು. ಸದ್ದಿಲ್ಲದ ಗಾಡಿಯಲ್ಲಿ ನಿನ್ನ ಗುಟ್ಟು ಬಯಲಾಗುತ್ತಿತ್ತು. ನಾನೆಂಥ ಪೆದ್ದಿ, ನನ್ನ ಮೇಲೆ ಪ್ರೀತಿಯಿಲ್ಲ ಎಂದುಕೊಂಡು ಮುಖ ಊದಿಸಿಕೊಂಡು ಕೂತಿದ್ದೆ. ಗೊತ್ತಾದ ಕೂಡಲೇ ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ಕೇಳದವಳು, ಈಗ ಕೇಳುವುದಿಲ್ಲ ಎಂದು ನಾಚಿಕೊಂಡರೆ ಹೇಗೆ?

ಅಷ್ಟಕ್ಕೂ ಗೂಡಿನಲ್ಲಿ ಮಾತು ಯಾರಿಗೆ ಬೇಕು? ಅಪ್ಪ ನಮ್ಮಿಬ್ಬರನ್ನು ಅಕ್ಕಪಕ್ಕ ಕೂರಿಸಿ ಕಲಿಸಿದ್ದು ಮರೆತೆಯಾ? ಮಂಡಿಗೆ ಒಂದು ತಟ್ಟು ಎಂದರೆ ಎಡಕ್ಕೆ, ಎರಡು ತಟ್ಟು ಬಲಕ್ಕೆ, ಗಟ್ಟಿಯಾಗಿ ಅದುಮಿದರೆ ಉಸಿರು ಹಿಡಿ. ನಾವು ಮಾತಾಡಿದ್ದಕ್ಕಿಂತ ಮಂಡಿ ತಟ್ಟಿಕೊಂಡಿದ್ದೇ ಹೆಚ್ಚು. ಜಿಂಕೆಯ ಸದ್ದು ಕೇಳುವ ಕೆಲಸ ನನಗೆ ಬಿಡು.

ಹೋಯ್ಟ್‌ಗೆ ಫೋನ್ ಮಾಡಿದೆ. "ಶುಕ್ರವಾರದವರೆಗೆ ಪೆಟ್ರೋಲ್ದನ್ನ ಯಾರಿಗೂ ಮಾರಲ್ಲ ಅಕ್ಕಾವ್ರೇ, ಬೇಕಾದ್ರೆ ಬದಲಾಯಿಸ್ಕೊಳ್ಳಿ. ನಿಮ್ಮಿಬ್ರಲ್ಲಿ ಯಾರು ಗೆದ್ರೂ ಸೋತೋನು ನಾನೇ" ಅಂದ. ನಿನಗೆ ಪೆಟ್ರೋಲ್ ಗಾಡಿಯೇ ಬೇಕೆಂದರೆ ಅದೇ ಆಗಲಿ, ನನ್ನದೇನೂ ತಕರಾರಿಲ್ಲ. ಗುರುವಾರದ ಹಬ್ಬದ ಊಟಕ್ಕೆ ಬಾ, ಪಿಕಾನ್ ಬೀಜದ ಸಿಹಿ ಕಡುಬು ಮಾಡುವುದು ನನ್ನ ಪಾಲು. ಶುಕ್ರವಾರ ಬೆಳಕು ಹರಿಯುವ ಮೊದಲೇ ಹೊರಡೋಣ. ಹೊಳೆಯ ತಿರುವಿನಲ್ಲಿ ಗಾಡಿ ನಿಲ್ಲಿಸು, ಅಂದು ಪಿಸುಗುಟ್ಟಿದ್ದನ್ನು ಮತ್ತೆ ಹೇಳುತ್ತೇನೆ. ಈ ಸಲ ಅಳಿಲುಗಳಿಗೂ ಕೇಳುವ ಹಾಗೆ.

ಬೆಳಗಿನ ಚಳಿಯಲ್ಲೂ ನಿನ್ನ ಪಕ್ಕಕ್ಕೆ ಜಾಗ ಬಿಟ್ಟು ಕೂರುವ,
ವೈನೆಲ್

ಮರೆತ ಮಾತು: ನನ್ನದೇನೂ ತಕರಾರಿಲ್ಲ ಎಂದು ಬರೆದದ್ದು ಸುಳ್ಳು. ನನಗೆ ಬ್ಯಾಟರಿ ಗಾಡಿ ಯಾಕೆ ಬೇಕಾಗಿತ್ತು ಗೊತ್ತಾ? ಹೋದ ವರ್ಷದಿಂದ ನನಗೆ ಕಣ್ಣು ಮಂಜು, ಪೊರೆ ಬಂದಿದೆ. ಕಾಡಿನಲ್ಲಿ ಏನಿದ್ದರೂ ಕಿವಿಯಿಂದಲೇ ಪತ್ತೆ, ಇಂಜಿನ್ ಸದ್ದಿದ್ದರೆ ನಾನು ಕುರುಡಿ. ಕಂಬ ನನಗೆ ಕಾಣಲೇ ಇಲ್ಲ. ಶನಿವಾರದ ಆ ದೊಡ್ಡ ಕೊಂಬಿನ ಜಿಂಕೆ ಹತ್ತಿರ ಹೋಗಿ ನೋಡಿದರೆ ಬೇರು ಸಮೇತ ಬಿದ್ದಿದ್ದ ಮರದ ಬೊಡ್ಡೆ, ಒಲೀನ್. ಅಲ್ಲೇ ಬಂದೂಕಿನಿಂದ ತೋಟಾ ತೆಗೆದುಬಿಟ್ಟೆ. ಪಕ್ಕದಲ್ಲಿ ಕೂತು ಜಿಂಕೆ ಹೌದು ಎಂದು ನೀನು ಮಂಡಿ ಅದುಮುವವರೆಗೆ ಬಂದೂಕು ಬಾಗಿಲ ಹಿಂದೆಯೇ ಇರುತ್ತದೆ. ಬೊಡ್ಡೆಗೆ ಹೊಡೆದವರ ಅಂಗಿ ಕತ್ತರಿಸಬೇಕೋ ಬೇಡವೋ ಅಪ್ಪ ಹೇಳಿರಲಿಲ್ಲ. ಅಂಗಿಯನ್ನು ಒಗೆದು ಇಸ್ತ್ರಿ ಮಾಡಿಟ್ಟಿದ್ದೇನೆ. ಕತ್ತರಿ ತಗೊಂಡು ಬಾ.