ಮೂರನೇ ಸ್ಟೇಷನ್ನಿನ ಗೋಟಿ ಟ್ರೇ

ಸೋಮವಾರ, ನವೆಂಬರ್ 10

ಕಂಪ್ರೆಸರ್ ಶುರು ಮಾಡಿಸಿದೆ. ಪ್ರೆಶರ್ ಸರಿ ಇದೆ. ನಮ್ಮ ಗೇರ್‌ಬಾಕ್ಸ್ ಲೈನಿನ ನಾಲ್ಕೂ ಸ್ಟೇಷನ್ ಒರೆಸಿಯಾಯಿತು. ಅಷ್ಟರಲ್ಲಿ ಗೇಟಿನಲ್ಲಿ ಕೊರಿಯರ್ ವ್ಯಾನ್. ಟ್ರೇಗಳು ಬಂದವು. ಕೊನೆಗೂ!

ಊಟದ ತಟ್ಟೆಯಷ್ಟು ಅಗಲ, ಕರಿ ಬಣ್ಣ, ನಾಲ್ಕು ಕುಳಿ. ಒಂದೊಂದು ಕುಳಿಗೆ ಬೋಲ್ಟಿನ ತಲೆಗೆ ಕೂರುವ ಒಂದೊಂದು ಅಳತೆಯ ಸಾಕೆಟ್ — ನಮ್ಮವರ ಬಾಯಲ್ಲಿ ಗೋಟಿ. ಕುಳಿಯ ತಳದಲ್ಲಿ ಸೆನ್ಸರ್, ಅಂಚಿಗೆ ಪುಟ್ಟ ದೀಪ. ಯಾವ ಗೋಟಿ ಎತ್ತಿದರೆಂದು ಟ್ರೇ ಸಾಫ್ಟ್‌ವೇರ್‌ಗೆ ತಿಳಿಸಬೇಕು. ಸರಿಯಾದದ್ದಾದರೆ ಮಾತ್ರ ಬೋಲ್ಟ್ ಬಿಗಿಯುವ ಗನ್ ತಿರುಗಬೇಕು. ತಪ್ಪಿದರೆ ಅಲುಗಬಾರದು.

ಪುಣೆಯಿಂದ ಜನ ಕರೆಸೋಣ ಎಂದಿದ್ದರು ಮಾಲೀಕರು, ಗುರಣ್ಣ. ನಾನೇ ಬೇಡ ಎಂದೆ. ಟ್ರೇ ಮತ್ತು ಸಾಫ್ಟ್‌ವೇರ್ ಜೋಡಿಸುವ ಕೆಲಸ ನಾನೂ ಎಲೆಕ್ಟ್ರಿಷಿಯನ್ ಅಬ್ರಾರನೂ ಮಾಡುತ್ತೇವೆ ಎಂದೆ. ಹೇಳಿದ ಮೇಲೆ ಕೈಪಿಡಿ ತೆಗೆದು ಓದಲು ಕುಳಿತೆ... ಅದು ಬೇರೆ ಮಾತು.

“ನೋಡ್ರಿ ಮಹಾನಂದಾ,” ಎಂದರು ಗುರಣ್ಣ. “ಇಪ್ಪತ್ನಾಕಕ್ಕ ನಮ್ಮ ಮಾಲ್ ತಗೋಳೋ ಕಂಪನಿಯವ್ರು ತಪಾಸಣಿಗಿ ಬರ್ತಾರ. ಲೈನಿಗಿ ಹಸಿರು ತಗಡಿನ ಬಿಲ್ಲಿ ಕಟ್ಟಿದ್ರ ಗೇರ್‌ಬಾಕ್ಸ್ ಲೈನ್ ಆಳಂದದಾಗೇ ಉಳೀತದ. ಕೆಂಪು ಕಟ್ಟಿದ್ರ ಸೊಲ್ಲಾಪುರಕ್ಕ ಹೋತು. ಮುಂದ ನಿಮ್ಮ ಕೈಯಾಗ ಅದ.”

ತೊಗರಿ ರಾಶಿ ಮಷಿನ್ನಿನ ಗೇರ್‌ಬಾಕ್ಸ್ ಅದು. ಬೋಲ್ಟ್ ಸಡಿಲಾದರೆ ಹೊಲದಲ್ಲಿ, ಜನರ ನಡುವೆ, ಬಿಚ್ಚಿಕೊಳ್ಳುತ್ತದೆ. ಕಂಪನಿ ಬಿಗಿ ಹಿಡಿಯುವುದರಲ್ಲಿ ತಪ್ಪಿಲ್ಲ.

ಅಪ್ಪ ಆಳಂದ ಬಸ್ ಸ್ಟ್ಯಾಂಡಿನ ಪೇಪರ್ ಏಜೆಂಟ್. ಎಲ್ಲ ಸುದ್ದಿಗೂ ದೊಡ್ಡಕ್ಷರ ಹಾಕಬಾರದು ಅನ್ನುತ್ತಾರೆ. ಇವತ್ತು ಮಾತ್ರ ದೊಡ್ಡಕ್ಷರ.

ಗುರುವಾರ, ನವೆಂಬರ್ 13

ಓಡಿತು!!

ಬೆಳಗಿನಿಂದ ತಂತಿ, ಮತ್ತೆ ತಂತಿ. ನಾಲ್ಕು ಸಿಗ್ನಲ್‌ಗಳಲ್ಲಿ ಎರಡು ಅದಲುಬದಲು. ಹದಿನೇಳರ ಗೋಟಿ ಎತ್ತಿದರೆ ಸ್ಕ್ರೀನ್ ಹತ್ತೊಂಬತ್ತು ಅನ್ನುತ್ತಿತ್ತು. ಅಬ್ರಾರ ತಂತಿ ತಿರುಗಿಸಿ ಹಾಕಿದ. ಮೂರನೇ ಸ್ಟೇಷನ್ನಿನಲ್ಲಿ ಸ್ಕ್ರೀನ್ ಕೇಳಿತು — “19 ಎತ್ತಿ.” ಹತ್ತೊಂಬತ್ತರ ಕುಳಿಯಲ್ಲಿ ದೀಪ. ಬೇಕೆಂದೇ ಹದಿನೇಳು ಎತ್ತಿದೆ. ಗನ್ ಒತ್ತಿದೆ. ಮೌನ. ಹತ್ತೊಂಬತ್ತು ಎತ್ತಿದೆ. ಗರ್ರ್...

“ಅರೆ ವಾ! ಮೇಡಂ, ತಪ್ಪ ಗೋಟಿಗಿ ಗನ್ ಮುನಿಸ್ಕೋತದ!” ಅಬ್ರಾರ ಕುಣಿಯುವುದೊಂದು ಬಾಕಿ.

ಆ ಸ್ಟೇಷನ್ನಿನ ಮಲ್ಕಮ್ಮಕ್ಕ ಸೊಂಟದ ಮೇಲೆ ಕೈ ಇಟ್ಟು ನೋಡುತ್ತಿದ್ದಳು. “ನಮ್ಮನಿಯವಗೂ ಇಂಥಾದೊಂದು ಹಚ್ಚಿಕೊಡ್ರಿ. ದಿನಾ ಮಂದಿ ಚಪ್ಪಲಿ ಮೆಟ್ಟಕೊಂಡ ಬರ್ತಾನ. ತಪ್ಪ ಚಪ್ಪಲಿ ಆದ್ರ ಕಾಲೇ ಏಳಬಾರ್ದು!”

ಮೊನ್ನೆ ಅವಳಿಗೆ ಪಲ್ಯ ಕೊಟ್ಟಿದ್ದ ನನ್ನ ಡಬ್ಬಿ ಇವತ್ತು ವಾಪಸ್ ಬಂತು. ಒಳಗೆ ಹುರಿದ ಶೇಂಗಾ, ಒಂದು ಹರಳು ಬೆಲ್ಲ. ಶೇಂಗಾ ಕಿಣ್ಣಿ ಸುಲ್ತಾನ ಊರಿನ ಅವಳ ಹೊಲದ್ದು. ಬಸ್ಸಿನಲ್ಲೇ ಖಾಲಿ ಮಾಡಿದೆ.

ಸೋಮವಾರ, ನವೆಂಬರ್ 17

ನಾಲ್ಕೂ ಸ್ಟೇಷನ್ ಜೋಡಣೆ ಮುಗಿಯಿತು. ಒಂದು, ಎರಡು, ನಾಲ್ಕು — ನೀರು ಹರಿದಂತೆ. ಮೂರನೆಯದು ಮಧ್ಯಾಹ್ನ ನಡುಗೆಲಸದಲ್ಲಿ ನಿಂತಿತು. ಬೋಲ್ಟ್ ಅರ್ಧ ಬಿಗಿದಿತ್ತು. ನಾನು ಹೋಗಿ ಗನ್ ಒತ್ತಿ ನೋಡಿದೆ, ಓಡಿತು. ಸಡಿಲ ಪ್ಲಗ್ ಇರಬೇಕು.

ಮಂಗಳವಾರ, ನವೆಂಬರ್ 18

ದಿನವಿಡೀ ಒಮ್ಮೆಯೂ ನಿಲ್ಲಲಿಲ್ಲ. ಪ್ಲಗ್ಗೇ.

ಬುಧವಾರ, ನವೆಂಬರ್ 19

ಪ್ಲಗ್ ಅಲ್ಲ. ಬೆಳಗಿನಿಂದ ಮತ್ತೆ ಮತ್ತೆ ನಿಲ್ಲುತ್ತಿದೆ. ಅಬ್ರಾರ ಕೇಬಲ್ ಬದಲಿಸಿದ. ಸೆನ್ಸರ್ ಬದಲಿಸಿದ. ಕೊನೆಗೆ ಟ್ರೇಯನ್ನೇ ಎರಡನೆಯದರ ಜೊತೆ ಅದಲುಬದಲು ಮಾಡಿದೆವು. ಮೂರನೆಯದೇ ನಿಂತಿತು. ನಾವು ಒತ್ತಿದರೆ ಓಡುತ್ತದೆ, ಮಲ್ಕಮ್ಮಕ್ಕ ಒತ್ತಿದರೆ ನಿಲ್ಲುತ್ತದೆ.

ರೆಕಾರ್ಡ್ ತೆಗೆದು ನೋಡಿದೆ. ಗನ್ನಿಗೆ ಗೋಟಿ ಹಾಕಿಕೊಂಡು ಕೆಲಸ ನಡೆದಿರುವಾಗಲೇ ಕುಳಿ “ತುಂಬಿದೆ” ಎಂದಿದೆ. ಒಂದು ಗೋಟಿ ಒಂದೇ ಹೊತ್ತಿಗೆ ಎರಡು ಕಡೆ ಇರುವುದು ಹೇಗೆ?

ಶುಕ್ರವಾರ, ನವೆಂಬರ್ 21

ಬೆಳಿಗ್ಗೆ ಗುರಣ್ಣ ಕರೆದರು. “ಮಲ್ಕಮ್ಮನ್ನ ಪ್ಯಾಕಿಂಗಿಗಿ ಹಾಕ್ರಿ. ಆಕಿ ಕೈಯಾಗೇ ಏನೋ ಅದ.” ಪುಣೆಗೆ ಫೋನ್ ಮಾಡುವ ಮಾತೂ ಬಂತು. ಇವತ್ತೊಂದು ದಿನ ಕೊಡಿ ಎಂದೆ.

ಸ್ಟೂಲ್ ಎಳೆದುಕೊಂಡು ಮಲ್ಕಮ್ಮಕ್ಕನ ಪಕ್ಕ ಕುಳಿತೆ. ಇಷ್ಟು ದಿನ ಗನ್ ನಿಂತಾಗಲೆಲ್ಲ ಅವಳನ್ನು ಸರಿಸಿ ನಾವೇ ಪರೀಕ್ಷೆ ಮಾಡುತ್ತಿದ್ದೆವು. ಅವಳ ಕೆಲಸ ನೋಡಿರಲೇ ಇಲ್ಲ.

ಹತ್ತೊಂಬತ್ತು ಎತ್ತಿದಳು. ದೀಪ ಆರಿತು. ಗನ್ನಿಗೆ ಹಾಕಿದಳು. ಬಿಗಿಯಲು ಶುರು ಮಾಡಿದಳು. ನಡುವೆ ಎಡಗೈ ಏಪ್ರನ್ ಜೇಬಿಗೆ ಹೋಯಿತು. ಏನೋ ತೆಗೆದು ಖಾಲಿ ಕುಳಿಯಲ್ಲಿ ಹಾಕಿದಳು. ಟಣ್. ಗನ್ ನಿಂತಿತು.

“ಅಕ್ಕಾ, ಏನ್ ಹಾಕಿದಿ?”

“ವಾಷರ್ ರೀ. ಸ್ಕ್ರಾಪಿಂದು, ಹೊಸಾದಲ್ಲ.”

“ಯಾಕ?”

ನನ್ನನ್ನೇ ವಿಚಿತ್ರವಾಗಿ ನೋಡಿದಳು. “ತಗೊಂಡ ಜಾಗಾ ಖಾಲಿ ಇಡಬಾರ್ದಲ್ರಿ. ನಿಮ್ಮನ್ಯಾಗ ಮಂದಿ ಭಾಂಡೆ ಖಾಲಿ ಕಳಸ್ತಾರೇನು? ಜ್ವಾಳದ ಬುಟ್ಟಿ ಬರಿದು ಮಾಡ್ತಾರೇನು?”

“ದಿನಾ ವಾಷರ್ ಹಾಕ್ತಿ?”

“ಇಲ್ರಿ. ಶೇಂಗಾ ಇದ್ದ ದಿನ ಶೇಂಗಾ. ಇವತ್ತ ತೀರ್ಯಾವ.”

ನಕ್ಕು ನಕ್ಕು ಸ್ಟೂಲಿನಿಂದ ಬೀಳುವುದಿತ್ತು. ಸೆನ್ಸರಿಗೆ ಲೋಹ ಮಾತ್ರ ಗೊತ್ತು. ಶೇಂಗಾ ಬಿದ್ದರೆ ಕುಳಿ ಖಾಲಿ ಎಂದೇ ತಿಳಿಯುತ್ತದೆ, ಗನ್ ಓಡುತ್ತದೆ. ವಾಷರ್ ಬಿದ್ದರೆ ಗೋಟಿ ವಾಪಸ್ ಬಂತು ಎಂದು ತಿಳಿದು ಗನ್ ನಿಲ್ಲಿಸುತ್ತದೆ. ನಾವು ಸರಿಸಿದಾಗಲೆಲ್ಲ ಅವಳು ತನ್ನ ವಾಷರ್ ಜೇಬಿಗೆ ಹಾಕಿಕೊಂಡೇ ಏಳುತ್ತಿದ್ದಳಂತೆ, ಅದಕ್ಕೇ ನಮ್ಮ ಕೈಗೆ ಓಡುತ್ತಿತ್ತು. ಮಂಗಳವಾರ ಲೈನ್ ಓಡಿಸಿದ್ದು ಶೇಂಗಾ!

ಅವ್ವನೂ ಹೀಗೇ. ಪಕ್ಕದ ಮನೆಯ ಬಟ್ಟಲು ವಾಪಸ್ ಹೋಗುವಾಗ ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಇರಬೇಕು. ಡಬ್ಬಿಯ ಶೇಂಗಾ ತಿಂದವಳು ನಾನು. ಹೊಳೆಯಲಿಲ್ಲ.

ಇನ್ನು ಮೇಲೆ ಹಾಕಬೇಡ ಎಂದೆ. “ಆಯ್ತ್ರಿ,” ಎಂದಳು. ಮರುಗಳಿಗೆಯಲ್ಲೇ ಟಣ್. ನಾಲಿಗೆ ಕಚ್ಚಿಕೊಂಡಳು. “ಕೈ ಕೇಳಂಗಿಲ್ರಿ ಮೇಡಂ. ಬರಿದು ಕಂಡ್ರ ಜೀವಾ ಚುರ್ ಅಂತದ. ನನ್ನ ಪ್ಯಾಕಿಂಗಿಗೇ ಹಾಕಿಬಿಡ್ರಿ.”

ದನಿ ಸಣ್ಣದಾಗಿತ್ತು. ಅವಳ ಕೈ ಬಿಗಿದ ಒಂದು ಬೋಲ್ಟೂ ಈವರೆಗೆ ಸಡಿಲಾಗಿ ವಾಪಸ್ ಬಂದಿಲ್ಲ.

ಶನಿವಾರ, ನವೆಂಬರ್ 22

ಕುಳಿಯಲ್ಲಿ ಏನೂ ಹಾಕಬಾರದೆಂದು ಬೋರ್ಡ್ ಬರೆದು ಹಚ್ಚೋಣ ಎಂದ ಅಬ್ರಾರ. ನಾನು ಬೇರೆಯೇ ಯೋಚಿಸುತ್ತಿದ್ದೆ. ಯಾವ ಗೋಟಿ ಎತ್ತಬೇಕೆಂದು ದೀಪ ತೋರಿಸುತ್ತದೆ. ಎತ್ತಿದ ಕೂಡಲೇ ಆರುತ್ತದೆ. ಹಾಗೆ ಮಾಡಿದ್ದು ನಾವೇ. ಆರಲೇಬೇಕೆಂದು ಹೇಳಿದವರು ಯಾರು?

ಸಾಫ್ಟ್‌ವೇರಿನಲ್ಲಿ ಒಂದೇ ಸಾಲು ಬದಲು. ಗೋಟಿ ತಿರುಗಿ ಬರುವ ತನಕ ದೀಪ ಉರಿಯುತ್ತಲೇ ಇರಲಿ. ಇನ್ನೊಂದೂ ಸೇರಿಸಿದೆ — ನಡುಗೆಲಸದಲ್ಲಿ ಕುಳಿ ತುಂಬಿದರೆ ಗನ್ ನಿಲ್ಲಲಿ, ಆದರೆ ಸುಮ್ಮನೆ ಬೇಡ. “ಕುಳಿಯಲ್ಲಿ ಏನಿದೆ ನೋಡಿ” ಎಂದು ಸ್ಕ್ರೀನ್ ಹೇಳಲಿ.

ಮಲ್ಕಮ್ಮಕ್ಕನನ್ನು ಕರೆದೆ. ಹತ್ತೊಂಬತ್ತು ಎತ್ತಿದಳು. ಕುಳಿಯ ತುಂಬ ಹಸಿರು ಬೆಳಕು. ಎಡಗೈ ಜೇಬಿನ ತನಕ ಹೋಯಿತು. ನಿಂತಿತು. ಬಗ್ಗಿ ನೋಡಿದಳು.

“ದೀಪ ಇಟ್ಟೀರಿ.”

“ಹೂಂ. ಈಗ?”

“ದೀಪ ಇದ್ದ ಜಾಗಾ ಖಾಲಿ ಹೆಂಗಾತದ್ರಿ?”

ಸಂಜೆಯ ತನಕ ಒಮ್ಮೆಯೂ ಟಣ್ ಇಲ್ಲ. ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದೆ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಸೋಮವಾರ, ನವೆಂಬರ್ 24, ಬೆಳಿಗ್ಗೆ 11.30

ಕಂಪನಿಯ ತಪಾಸಣೆ ಅಧಿಕಾರಿ ಬಂದಿದ್ದಾರೆ. ದೌಲತರಾಯ. ಖಜೂರಿ ಕಡೆಯಿಂದ ಕಾರಿನಲ್ಲಿ. ಮಾತು ಕಡಿಮೆ, ಮುಖದ ಮೇಲೆ ಏನೂ ಕಾಣುವುದಿಲ್ಲ. ಚಹಾ ಕುಡಿದು ಸೀದಾ ಲೈನಿಗೆ. ತಪ್ಪು ಗೋಟಿ ಎತ್ತಿದರು — ಗನ್ ಅಲುಗಲಿಲ್ಲ. ಎರಡು ಒಟ್ಟಿಗೆ ಎತ್ತಿದರು — ಅಲುಗಲಿಲ್ಲ. ಮೂರನೇ ಸ್ಟೇಷನ್ನಿನಲ್ಲಿ ಜೇಬಿನಿಂದ ಒಂದು ನಾಣ್ಯ ತೆಗೆದು ಕುಳಿಗೆ ಹಾಕಿದರು! ನನ್ನ ಉಸಿರು ನಿಂತಿತು. ಗನ್ನೂ ನಿಂತಿತು. ಸ್ಕ್ರೀನ್ ಕೇಳಿತು — “ಕುಳಿಯಲ್ಲಿ ಏನಿದೆ ನೋಡಿ.”

ಸಾಹೇಬರ ಹುಬ್ಬು ಏರಿತು, ಅಷ್ಟೇ. ಆಮೇಲೆ ದೀಪ ತೋರಿಸಿದರು. “ಎತ್ತಿದ ಮ್ಯಾಲೂ ಯಾಕ ಉರೀತದ ಇದು? ಬೇರೆ ಎಲ್ಲೂ ಹಿಂಗಿಲ್ಲ.”

ನಾನು ಬಾಯಿ ತೆರೆಯುವ ಮೊದಲೇ ಮಲ್ಕಮ್ಮಕ್ಕ, “ಖಾಲಿ ಇಡಬಾರ್ದಂತ್ರಿ ಸಾಹೇಬರ!” ಎಂದು ಶೇಂಗಾದಿಂದ ವಾಷರಿನ ತನಕ ಪೂರ್ತಿ ಕಥೆ ಹೇಳಿಬಿಟ್ಟಳು. ಗುರಣ್ಣ ಕಣ್ಣು ಮುಚ್ಚಿದರು. ದೌಲತರಾಯರು ಏನೋ ಬರೆದುಕೊಂಡರು.

ಮಧ್ಯಾಹ್ನ 2.15

ಊಟಕ್ಕೆ ಮಲ್ಕಮ್ಮಕ್ಕ ಸಾಹೇಬರಿಗೂ ಶೇಂಗಾ ಹೋಳಿಗೆ ಕಳಿಸಿದಳು, ತನ್ನ ಸ್ಟೀಲ್ ಡಬ್ಬಿಯಲ್ಲಿ. ಬೇಡ ಅಕ್ಕಾ, ಲಂಚ ಅಂದುಕೊಂಡಾರು ಎಂದರೆ, “ಹೋಳಿಗಿ ಎಲ್ಲಿ ಲಂಚ ಬೇ?” ಎಂದು ನನ್ನನ್ನೇ ಗದರಿದಳು. ಒಂದು ಗಂಟೆಯಿಂದ ಸಾಹೇಬರೂ ಗುರಣ್ಣನೂ ಆಫೀಸಿನಲ್ಲಿದ್ದಾರೆ. ಬಾಗಿಲು ಮುಚ್ಚಿದೆ. ಕೈ ಸುಮ್ಮನಿರದೆ ಇದನ್ನು ಬರೆಯುತ್ತಿದ್ದೇನೆ.

2.40

ಕಾರು ಹೊರಟಿತು. ಸಾಹೇಬರು ಲೈನಿಗೆ ಬರಲೇ ಇಲ್ಲ, ಹಸಿರು, ಕೆಂಪು ಯಾವ ಬಿಲ್ಲೆಯನ್ನೂ ಕಟ್ಟಲಿಲ್ಲ. ಅಬ್ರಾರ ನೆಲ ನೋಡುತ್ತ ಬಂದ, ಕೈಯಲ್ಲಿ ಡಬ್ಬಿ. “ಅಕ್ಕಗ ಕೊಡು ಅಂದ್ರು. ಅವರ ತಾಯಿ ಅಕ್ಕಲಕೋಟಿನವರಂತ. ಅವರ ಮನ್ಯಾಗೂ ಇದೇ ಪದ್ಧತಿ ಅಂದ್ರು, ಮತ್ತೇನೂ ಅನ್ನಲಿಲ್ಲ.”

ಇದೇ ಪದ್ಧತಿ?

ಮಲ್ಕಮ್ಮಕ್ಕ ಡಬ್ಬಿ ಅಲುಗಾಡಿಸಿದಳು. ಟಣ್. ಮುಚ್ಚಳ ಬಿಗಿಯಾಗಿದೆ. ಸೆರಗಿನಿಂದ ಹಿಡಿದು ತಿರುಗಿಸುತ್ತಿದ್ದಾಳೆ. ಬಂತು... ಹಸಿರು—