ಅಪ್ಪನ ದನಿ

ಹರಪನಹಳ್ಳಿ
ಸೋಮವಾರ, ೨೪ ನವೆಂಬರ್ ೨೦೨೫

ಪ್ರೀತಿಯ ಶಾಂಭವಿ,

‘ದನಿಯೊಂದು ಉಳಿದರೆ ಸಾಕು, ಮೈಯ ಮಾತು ಆಮೇಲೆ’ ಎಂಬಂಥ ಸಾಲೊಂದನ್ನು ಎಂ.ಎ. ಓದುವಾಗ ಎಲ್ಲೋ ಓದಿದ ನೆನಪು. ಹೀಗೇ ಇತ್ತೋ ಇಲ್ಲವೋ. ಆಗ ಚೆಂದವೆನಿಸಿತ್ತು. ಈಗ ಕೇಳಬೇಕೆನಿಸುತ್ತದೆ: ಮೈಯೇ ಇಲ್ಲದ ಮೇಲೆ ಯಾರ ದನಿ?

ನಿನ್ನ ಅಪ್ಪ ಚೆನ್ನಾಗಿದ್ದಾರೆಂದು ಫೋನಿನಲ್ಲಿ ಹೇಳುತ್ತಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ. ಪಕ್ಕದಲ್ಲೇ ಕೂತಿರುತ್ತಿದ್ದರು. ಅದಕ್ಕೇ ಈ ಕಾಗದ.

ಪ್ರಾಸ್ಟೇಟ್ ಕ್ಯಾನ್ಸರಿಗೆ ಅಪ್ಪನಿಗೆ ಕೊಡುವ ಸೂಜಿ ಗಂಡಸರ ಹಾರ್ಮೋನನ್ನು ತಗ್ಗಿಸುತ್ತದೆ. ಗಡ್ಡೆಗೆ ಅದೇ ಆಹಾರವಂತೆ. ಮೊದಲ ಸೂಜಿಯ ನಂತರ ಅವರಿಗೂ ಮುಟ್ಟು ನಿಲ್ಲುತ್ತಿರುವ ನನ್ನ ಹಾಗೆ ಮೈ ಕಾಯ್ದು ಬೆವರತೊಡಗಿತು. ಒಂದೇ ಫ್ಯಾನಿಗೆ ಇಬ್ಬರ ಜಗಳ. ಅಷ್ಟರಲ್ಲಿ ಭಜನೆಯ ಗೆಳೆಯ ಓಬಳೇಶಪ್ಪನವರು, “ಆ ಸೂಜಿಗೆ ಗಂಡಸ್ರ ದನಿ ಹೆಣ್ಣಾಗತೈತಂತಲೋ” ಅಂದರು. ಅಪ್ಪ ನನಗೆ, “ನೋಡಲೇ ಗಂಗಾ, ಬೆವರಂತೂ ನಿನ್ನಂಗ ಬಂತು. ಇನ್ನ ದನಿ ಒಂದ ಬಾಕಿ” ಎಂದರು.

ಮಠದಲ್ಲಿ ಮೈಕ್ ಇಲ್ಲದೆ ಹಾಡುತ್ತಿದ್ದ ಅಪ್ಪ ಭಜನೆ ಬಿಟ್ಟರು, ದನಿ ತೆಗೆಯಲು ಹೆದರಿ ಪಿಸುಗುಟ್ಟತೊಡಗಿದರು. ಎರಡನೆಯ ಸೂಜಿಯ ದಿನ ಬಂದರೆ ಒಲ್ಲೆನೆಂದರು. ಈ ವಯಸ್ಸಿನಲ್ಲಿ ದನಿ ಬದಲಾಗುವುದಿಲ್ಲವೆಂದು ದಾವಣಗೆರೆಯ ಡಾಕ್ಟರು ಫೋನಿನಲ್ಲಿ ಹೇಳಿದರೂ ನಂಬಲಿಲ್ಲ. ನನಗೆ ಊಟ ಸೇರುತ್ತಿರಲಿಲ್ಲ.

ಕಳೆದ ಗುರುವಾರ ಅಂಗಳದಲ್ಲಿ ಮೆಕ್ಕೆಜೋಳ ಒಣಹಾಕಿದ್ದೆ. ಪಕ್ಕದ ಮನೆಯ ಪಂಪಮ್ಮನ ಎಮ್ಮೆ ಬಂದು ಬಾಯಿ ಹಾಕಿತು. ಒಳಗೆ ಬೆವರುತ್ತ ಕೂತಿದ್ದ ಅಪ್ಪ ಬರಿಮೈಯಲ್ಲೇ ಹೊರಗೆ ಬಂದು “ಹೈ!” ಎಂದು ಕೂಗಿದರು. ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಎಮ್ಮೆ ಓಣಿ ದಾಟಿ ಓಡಿತು. ಅಪ್ಪ ಗಂಟಲು ಮುಟ್ಟಿ ನೋಡಿಕೊಂಡರು. ಆಮೇಲೆ ಖಾಲಿ ಓಣಿಯ ಕಡೆ ಮುಖ ಮಾಡಿ ಇನ್ನೊಮ್ಮೆ ಕೂಗಿದರು. ಅದು ಎಮ್ಮೆಗಲ್ಲವೆಂದು ನನಗೆ ಗೊತ್ತಾಯಿತು.

ಡಾಕ್ಟರನ್ನು ನಂಬದವರು ಎಮ್ಮೆಯನ್ನು ನಂಬಿದರು. ಮರುದಿನ ನನಗಿಂತ ಮೊದಲೇ ಬಸ್ ಹತ್ತಿ ಕೂತಿದ್ದರು. ಸೂಜಿ ಆಯಿತು. ರಕ್ತದ ಪರೀಕ್ಷೆಯೂ ಚೆನ್ನಾಗಿ ಬಂದಿದೆ, ಔಷಧ ಹಿಡಿಯುತ್ತಿದೆಯಂತೆ. ಈಗ ಬಚ್ಚಲಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ, ಸಂಜೆ ಭಜನೆಯಿದೆ.

ರಜೆಗೆ ಬರುವಾಗ ಧಾರವಾಡದಿಂದ ಪೇಢೆ ತಾ. ಇನ್ನೊಂದು ಫ್ಯಾನು ನಾವೇ ಕೊಳ್ಳುತ್ತೇವೆ.

ನಿನ್ನ ಅವ್ವ,
ಗಂಗಾಂಬಿಕಾ

ತಾ.ಕ.: ಕಾಗದ ಮಡಚುವಾಗ ಪಂಪಮ್ಮ ಖಾಲಿ ಚೊಂಬು ಹಿಡಿದು ಬಾಗಿಲಿಗೆ ಬಂದಳು. “ಇವತ್ತೂ ಹಾಲಿಲ್ರಿ ಗಂಗಕ್ಕ. ಗುರುವಾರದಿಂದ ನಮ್ಮ ಎಮ್ಮಿ ಸೊರ ಬಿಡವಲ್ದು. ನಿಮ್ಮ ಯಜಮಾನ್ರು ಭಜನಿಗಿ ಹೋಗೂದಿದ್ರ ಹೋಗ್ಲಿ, ನಮ್ಮ ಮನಿ ದಾಟಿದ ಮ್ಯಾಲ ಬಾಯಿ ತಗೀರಿ ಅಂತ ಹೇಳ್ರಿ.”